ಅಂಗಳದ ಬಾಯ್ಲರು

ಅಕ್ಟೋಬರ್ 1, 1985

ಬೆಳಗಿನ ಜಾವ ಮೂರೂವರೆ. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್. ಇಂದುವಿನ ಎದೆಯೊಳಗಿಂದಲೇ ಬಂತು ಅಂದುಕೊಂಡು ಎದ್ದು ಕೂತೆ. ತೊಟ್ಟಿಲ ಮೇಲೆ ಬಾಗಿ ಕಿವಿಯಿಟ್ಟರೆ ಉಸಿರು ಸರಾಗವಾಗಿಯೇ ಇತ್ತು. ಸದ್ದು ಗೋಡೆಯ ಬುಡದಲ್ಲಿರುವ ಕರೆಂಟಿನ ಹೀಟರಿನದು. ತಗಡು ಕಾದು ಹಿಗ್ಗುವಾಗ ಹಾಗೆ ಮಾಡುತ್ತದೆ. ಮೈಸೂರಿನಲ್ಲಿ ಬಿಎಸ್ಸಿ ಫಿಸಿಕ್ಸು ಓದಿದವಳು, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಾರಣ ಗೊತ್ತಾದ ಮೇಲೂ ನಿದ್ದೆ ಬರಲಿಲ್ಲ.

ಹೋದ ತಿಂಗಳು ನಡುಮನೆಯಲ್ಲಿರುವ ಕಬ್ಬಿಣದ ಒಲೆಯ ಹೊಗೆ ಕೊಳವೆಯಿಂದ ಹಿಂದಕ್ಕೆ ತಿರುಗಿ ಮನೆಯೆಲ್ಲ ತುಂಬಿಕೊಂಡಿತಲ್ಲ, ಆವತ್ತು ಎರಡು ತಿಂಗಳ ಕೂಸು ಉಸಿರಿಗಾಗಿ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದದ್ದು ಇನ್ನೂ ನನ್ನ ಕಣ್ಣಿಂದ ಹೋಗಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. "ಮಗುವಿನ ಹತ್ತಿರ ಹೊಗೆ ಸುಳಿಯಬಾರದು. ಕೋಣೆ ಒಂದೇ ಸಮ ಬೆಚ್ಚಗಿರಬೇಕು. ಚಳಿ ಶುರುವಾಗುವುದರೊಳಗೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ" ಎಂದರು ಡಾಕ್ಟರು.

ಗ್ಯಾಸಿನ ಪೈಪು ನಮ್ಮ ರಸ್ತೆಯ ತಿರುವಿನಲ್ಲೇ ನಿಂತುಹೋಗಿದೆ. ಅಮೆರಿಕದ ಈ ಡ್ಯಾನ್‌ವಿಲ್ಲಿನ ಕಟ್ಟಕಡೆಯ ಮನೆ ನಮ್ಮದು. ನಮ್ಮ ಹಿಂದೆ ಬರೀ ಗುಡ್ಡ, ಒಣಹುಲ್ಲು, ಓಕ್ ಮರಗಳು. ಕರೆಂಟಿನ ಹೀಟರು ಎರಡು ಕೋಣೆಯಲ್ಲಿ ಒಟ್ಟಿಗೆ ಹಾಕಿದರೆ ಫ್ಯೂಸು ಹೋಗುತ್ತದೆ. ಏನೂ ಆಗದಿದ್ದರೆ ಸ್ಯಾನ್ ಹೊಸೆ ಕಡೆಯ ಎವರ್‌ಗ್ರೀನಿನಲ್ಲಿರುವ ಗೆಳತಿ ಸೌದಾಮಿನಿಯ ಮನೆಗೆ ಮಗುವನ್ನು ಕರೆದುಕೊಂಡು ಹೊರಟುಬಿಡುವುದು ಎಂದು ತೀರ್ಮಾನಿಸಿದ್ದೇನೆ. ಸೂಟ್‌ಕೇಸು ಕಟ್ಟಿ ಬಾಗಿಲ ಹಿಂದೆ ಇಟ್ಟಿದೆ. ಶ್ರೀಕಂಠ ಅದನ್ನು ನೋಡಿದ. ಎಡವಿ, ಆಮೇಲೆ ಪಕ್ಕಕ್ಕೆ ಸರಿಸಿದ.

(ಎದುರಿಗೆ "ರೀ" ಅನ್ನುತ್ತೇನೆ. ನನ್ನ ಡೈರಿಯಲ್ಲಿ ಅವನು ಶ್ರೀಕಂಠ, ಅಷ್ಟೇ.)

ಮತ್ತೆ ಟಕ್.

ಅಕ್ಟೋಬರ್ 3

ಶ್ರೀಕಂಠ ಆಫೀಸಿನಿಂದ ಒಂದು ಬ್ರೋಷರು ತಂದಿದ್ದಾನೆ. ಹಿಮ ಬೀಳುವ ಮಿನೆಸೋಟದ ಕಡೆ ಈಚೆಗೆ ಮಾಡುತ್ತಿದ್ದಾರಂತೆ. ಮನೆಯ ಹೊರಗೆ, ದೂರದಲ್ಲಿ, ಗೂಡಂಗಡಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಒಳಗೆ ಒಲೆ, ಒಲೆಯ ಸುತ್ತ ನೀರು. ಕಾದ ನೀರು ನೆಲದಡಿಯ ಕೊಳವೆಯಲ್ಲಿ ಮನೆಯೊಳಗೆ ಬಂದು, ಪ್ರತಿ ಕೋಣೆಯ ಗೋಡೆಬುಡದಲ್ಲಿ ಸುತ್ತಿ, ತಣ್ಣಗಾಗಿ ವಾಪಸು ಹೋಗುತ್ತದೆ. ಬೆಂಕಿ, ಹೊಗೆ, ಬೂದಿ ಎಲ್ಲ ಹೊರಗೇ. ಬಿಸಿ ಮಾತ್ರ ಒಳಗೆ.

ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿರುವ ನಂಜಮ್ಮತ್ತೆ, ಶ್ರೀಕಂಠನನ್ನು ಸಾಕಿದ ಸೋದರತ್ತೆ, ಬತ್ತಿ ಹೊಸೆಯುತ್ತ ಕೂತಿದ್ದವರು ತಲೆಯೆತ್ತಿದರು.

"ಏನೋ ಅದು?"

"ಬಾಯ್ಲರ್ ಅತ್ತೆ. ಸೌದೆ ಬಾಯ್ಲರ್ರು."

"ಅಬ್ಬ, ಈಗಲಾದ್ರೂ ಬುದ್ಧಿ ಬಂತಲ್ಲ! ಎಷ್ಟು ದಿನದಿಂದ ಬಡ್ಕೋತಿದೀನಿ. ಬಾಣಂತಿಗೆ ನೀರು ಹಾಕೋಕೆ ಹೋದ್ರೆ ಮೊದಲ್ನೇ ಬಕೆಟ್ಟು ಬಿಸಿ, ಎರಡನೇದು ಉಗುರುಬೆಚ್ಚಗೆ, ಮೂರನೇದಕ್ಕೆ ಶಿವಶಿವಾ ಅನ್ನಬೇಕು. ತಾಮ್ರದ್ದು ತಾನೆ? ನಡುವೆ ಕೊಳವೆ ಇರತ್ತಲ್ಲ, ಅದೇ ತಾನೆ?"

ಮೈಸೂರಿನ ಬಚ್ಚಲುಮನೆಯ ಮೂಲೆಯಲ್ಲಿ ತೆಂಗಿನ ಚಿಪ್ಪು ಹಾಕಿ ಉರಿಸುವ ಬಾಯ್ಲರು ಅವರ ಕಣ್ಣಮುಂದೆ ಬಂದಿತ್ತು. ಶ್ರೀಕಂಠ ಬಾಯಿ ತೆರೆದ. ನಾನು ಕಣ್ಣುಸನ್ನೆ ಮಾಡಿದೆ, ಬೇಡ ಅಂತ. ಅಷ್ಟು ಸಂತೋಷ ಅವರ ಮುಖದಲ್ಲಿ ಆಸ್ಪತ್ರೆಯಿಂದ ಬಂದ ಮೇಲೆ ನೋಡಿರಲಿಲ್ಲ.

ಇನ್ನೆರಡು ದಾರಿಗಳೂ ಇವೆ. ಒಳಗೇ ಹೊಸ ಒಲೆ ಹಾಕಿಸುವುದು. ಹೊಗೆ ಬರುವುದೇ ಇಲ್ಲ ಎಂದು ಅಂಗಡಿಯವನ ಆಣೆ. ಅಥವಾ ಅಂಗಳದಲ್ಲಿ ಪ್ರೋಪೇನ್ ಗ್ಯಾಸಿನ ದೊಡ್ಡ ಟ್ಯಾಂಕು ಇಡಿಸುವುದು. ಮೊದಲನೆಯದನ್ನು ನಂಬುವ ಧೈರ್ಯ ನನಗಿಲ್ಲ. ಎರಡನೆಯದರ ಚಿತ್ರ ನೋಡಿದರೇ ಅದು ಸಿಡಿದ ಸದ್ದು ಕೇಳುತ್ತದೆ. "ಊರೆಲ್ಲ ಇಟ್ಕೊಂಡಿದಾರೆ ಕಣೇ" ಎಂದ ಶ್ರೀಕಂಠ. ಊರಿನವರೆಲ್ಲ ನಿದ್ದೆಯನ್ನೂ ಮಾಡುತ್ತಾರೆ.

ಅಕ್ಟೋಬರ್ 5

ಮೂವರೂ, ಅಲ್ಲ, ಇಂದು ಸೇರಿ ನಾಲ್ವರೂ ಲಿವರ್‌ಮೋರಿಗೆ ಹೋಗಿದ್ದೆವು. ಹಾಲ್ವರ್ಸನ್ ಅನ್ನುವವರು ಅಲ್ಲಿ ಈ ಬಾಯ್ಲರುಗಳನ್ನು ಮಾರುತ್ತಾರೆ. ಮಿನೆಸೋಟದವರೇ, ಬೆಳ್ಳಗಿನ ಹುಬ್ಬಿನ ಮುದುಕ. ಶೆಡ್ಡಿನ ಹಿಂದೆ ಹಸಿರು ಬಣ್ಣದ ಎರಡು ಪೆಟ್ಟಿಗೆ ನಿಲ್ಲಿಸಿದ್ದರು, ಒಂದು ದೊಡ್ಡದು, ಒಂದು ಚಿಕ್ಕದು. ಇಳಿಜಾರಿನ ಚಾವಣಿ, ಮೇಲೊಂದು ಚಿಮಣಿ, ಮುಂದೊಂದು ಬಾಗಿಲು. ಥೇಟು ಬೊಂಬೆ ಮನೆ.

ನಂಜಮ್ಮತ್ತೆ ಸೀರೆಯ ಮೇಲೆ ಶ್ರೀಕಂಠನ ಸ್ವೆಟರು ಹಾಕಿಕೊಂಡು ಸೀದಾ ದೊಡ್ಡದರ ಹತ್ತಿರ ಹೋದರು. ಬಾಗಿಲು ಎಳೆದರು. ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದ ಮುಖ ನೋಡಬೇಕಿತ್ತು!

"ಇದೇನೇ ಮೈಥಿಲಿ, ಬಚ್ಚಲುಮನೆ ತುಂಬ ಬರೀ ಒಲೆ! ಸ್ನಾನಕ್ಕೆ ಕೂತ್ಕೊಳೋದೆಲ್ಲಿ?"

ಹಸಿರು ಪೆಟ್ಟಿಗೆಯೇ ಬಚ್ಚಲುಮನೆ, ಒಳಗೆ ತಾಮ್ರದ ಬಾಯ್ಲರು ಇರುತ್ತದೆ ಎಂದುಕೊಂಡಿದ್ದರು. ಶ್ರೀಕಂಠ ಮಗುವನ್ನು ಎತ್ತಿಕೊಂಡು ಆಚೆ ಹೋಗಿ ನಕ್ಕ. ಭುಜ ಕುಣಿಯುವುದು ಕಾಣುತ್ತಿತ್ತು. "ಆ ತಾಯಿ ಏನು ಕೇಳುತ್ತಿದ್ದಾರೆ?" ಎಂದರು ಹಾಲ್ವರ್ಸನ್. ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. "ಸ್ನಾನ ಮಾಡುವುದೆಲ್ಲಿ ಅಂತ" ಎಂದೆ.

ಅವರು ನಗಲಿಲ್ಲ. ಟೋಪಿ ಹಿಂದಕ್ಕೆ ತಳ್ಳಿ ಯೋಚಿಸಿದರು. "ಒಳ್ಳೆಯ ಪ್ರಶ್ನೆ. ಸ್ನಾನದ ನೀರೂ ಬೇಕೆಂದರೆ ದೊಡ್ಡದು ಆಗುವುದಿಲ್ಲ. ಚಿಕ್ಕದರಲ್ಲಿ ಒಂದು ಸುರುಳಿ ಇದೆ. ನಿಮ್ಮ ನಲ್ಲಿಯ ನೀರು ಆ ಸುರುಳಿಯೊಳಗೆ ಹಾದು, ಸುತ್ತಲಿನ ಬಿಸಿನೀರಿನಿಂದ ಕಾದು ಬಚ್ಚಲಿಗೆ ಬರುತ್ತದೆ. ಬಾಯ್ಲರಿನ ನೀರೇ ಬೇರೆ, ನಿಮ್ಮ ನೀರೇ ಬೇರೆ. ಒಂದಕ್ಕೊಂದು ಸೇರುವುದಿಲ್ಲ."

ಹಾಗೊಂದು ಸುರುಳಿ ಇದೆಯೆಂದು ಬ್ರೋಷರಿನಲ್ಲೂ ಇರಲಿಲ್ಲ, ನಮಗೂ ಕೇಳಲು ತೋಚಿರಲಿಲ್ಲ. ಅತ್ತೆಗೆ ಅರ್ಥ ಮಾಡಿಸಿದೆ: ಒಲೆ ಇಲ್ಲಿ, ಬಚ್ಚಲು ಮನೆಯಲ್ಲಿ, ನೀರು ತಾನಾಗೇ ಹೋಗಿ ಬರುತ್ತೆ. "ಅದನ್ನ ಮೊದಲೇ ಹೇಳಬಾರ್ದಾ?" ಎಂದು ಗದರಿದರು. ಆಮೇಲೆ ಚಿಕ್ಕದರ ಮೈ ಮೇಲೆ ಹಸುವಿನ ಬೆನ್ನು ತಟ್ಟುವಂತೆ ತಟ್ಟಿದರು.

ಶ್ರೀಕಂಠನಿಗೆ ದೊಡ್ಡದರ ಮೇಲೆ ಮನಸ್ಸು. ಒಮ್ಮೆ ತುಂಬಿದರೆ ಎರಡು ದಿನ ಉರಿಯುತ್ತದಂತೆ. ದಾರಿಯುದ್ದಕ್ಕೂ ಅದನ್ನೇ ಹೇಳಿದ. "ಇರ್ಲಿ ಬಿಡೇ, ದೊಡ್ಡದಿದ್ರೆ ಒಳ್ಳೇದಲ್ವಾ? ಬಿಸಿ ಜಾಸ್ತಿ ಆಗೋದ್ರಿಂದ ಯಾರಿಗೇನು ನಷ್ಟ?"

ಅಕ್ಟೋಬರ್ 6

ಕೂಸು ಎರಡು ಸಲ ಕೆಮ್ಮಿತು. ಎರಡೇ ಸಲ. ಮೂರನೆಯದಕ್ಕೆ ಕಾದುಕೊಂಡು ಕೂತಿದ್ದೇನೆ. ಕಿಟಕಿ ಬೆಳ್ಳಗಾಗುತ್ತಿದೆ.

ಅಕ್ಟೋಬರ್ 9

ಹಾಲ್ವರ್ಸನ್ ಫೋನಿನಲ್ಲಿ ಕೇಳಿದರು, ನಿಮ್ಮ ಮನೆಯಿಂದ ಎಷ್ಟು ಬಿಸಿ ಸೋರಿಹೋಗುತ್ತದೆ ಅಂತ. ಗೊತ್ತಿಲ್ಲ ಅಂದೆ. ಫೋನಿಟ್ಟ ಮೇಲೆ ಅವಮಾನವಾಯಿತು. ಗೊತ್ತಿಲ್ಲವೇಕೆ? ಇದು ನಾನು ಓದಿದ ಪಾಠವೇ ಅಲ್ಲವೇ?

ಮಧ್ಯಾಹ್ನ ಇಂದುವನ್ನು ಅತ್ತೆಯ ಮಡಿಲಿಗೆ ಹಾಕಿ, ಹೊಲಿಗೆಯ ಟೇಪು ಹಿಡಿದು ಗೋಡೆ, ಕಿಟಕಿ, ಚಾವಣಿ ಎಲ್ಲ ಅಳೆದೆ. ಊಟದ ಮೇಜಿನ ಮುಂದೆ ಕೂತು ಲೆಕ್ಕ ಹಾಕತೊಡಗಿದರೆ ಪೆನ್ಸಿಲು ತಾನಾಗೇ ಓಡಿತು. ಕಾಲೇಜು ಬಿಟ್ಟ ಮೇಲೆ ಹೀಗೆ ಕೂತದ್ದು ಇದೇ ಮೊದಲು. ಸಾರು ಉಕ್ಕಿ ಹೋದದ್ದು ಗೊತ್ತಾಗಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, "ಏನೇ ಅದು, ಜಾತಕ ಬರೀತಿದೀಯಾ?" ಎಂದರು. "ಮನೇದು" ಎಂದೆ.

ಉತ್ತರ ಬಂದದ್ದು ಹೀಗೆ: ಚಿಕ್ಕದು ಧಾರಾಳವಾಗಿ ಸಾಕು. ದೊಡ್ಡದನ್ನು ಇಟ್ಟರೆ ನಮ್ಮ ಈ ಹದವಾದ ಚಳಿಗೆ ಅದಕ್ಕೆ ಕೆಲಸವೇ ಇರುವುದಿಲ್ಲ. ಗಾಳಿಕಂಡಿ ಮುಚ್ಚಿಕೊಂಡು ಹೊತ್ತೆಲ್ಲ ಬರೀ ಹೊಗೆಯಾಡುತ್ತ ಕೂರುತ್ತದೆ. ಚಿಕ್ಕದು ಚೆನ್ನಾಗಿ ಉರಿದು ಹೊಗೆ ಕಮ್ಮಿ ಕೊಡುತ್ತದೆ.

ಸಂಜೆ ಶ್ರೀಕಂಠನ ಮುಂದೆ ಹಾಳೆಗಳನ್ನು ಹರಡಿದೆ. ಎರಡು ಸಲ ನೋಡಿದ. ತಪ್ಪು ಹುಡುಕುತ್ತಿದ್ದಾನೆ ಎಂದು ಗೊತ್ತಿತ್ತು. ಕೊನೆಗೆ, "ಮೇಡಂ, ನಮ್ಮ ಫ್ಯಾಬಿಗೆ ಕೆಲಸಕ್ಕೆ ಬರ್ತೀರಾ?" ಎಂದ. ಸ್ಯಾನ್ ಹೊಸೆಯ ಅವನ ಚಿಪ್ ಕಾರ್ಖಾನೆಯ ಮಾತು.

"ಬಾಣಂತನ ಮುಗೀಲಿ, ಯೋಚಿಸ್ತೀನಿ" ಎಂದೆ. ನಾವಿಬ್ಬರೂ ಹೀಗೆ ನಕ್ಕು ಎಷ್ಟು ದಿನವಾಗಿತ್ತೋ.

ಅಕ್ಟೋಬರ್ 13

ಎಲ್ಲಿಡುವುದು? ಶ್ರೀಕಂಠ ಮನೆಯ ಹಿಂದೆ, ಗುಡ್ಡದ ಬುಡದಲ್ಲಿ ಅನ್ನುತ್ತಾನೆ, ಕಣ್ಣಿಗೆ ಬೀಳುವುದಿಲ್ಲವಂತೆ. ಆಗಲ್ಲ ಎಂದೆ. ಹಗಲಿನಲ್ಲಿ ಗಾಳಿ ಕಣಿವೆಯ ಕೆಳಗಿಂದ ಮೇಲಕ್ಕೆ ಹೋಗುತ್ತದೆ ನಿಜ. ಸೂರ್ಯ ಮುಳುಗಿದ ಮೇಲೆ ತಿರುಗುತ್ತದೆ. ರಾತ್ರಿಯೆಲ್ಲ ತಣ್ಣನೆಯ ಗಾಳಿ ಗುಡ್ಡದಿಂದ ಇಳಿದು ನೇರ ಇಂದುವಿನ ಕಿಟಕಿಗೆ ಬರುತ್ತದೆ.

"ನಿನಗೆ ಹೇಗೆ ಗೊತ್ತು?"

"ತಂತಿ ಮೇಲೆ ಒಣಹಾಕಿರೋ ಕೂಸಿನ ಲಂಗೋಟಿಗಳನ್ನ ನೋಡಿದೀನಿ. ಹಗಲು ಗುಡ್ಡದ ಕಡೆ ಹಾರ್ತಾವೆ, ರಾತ್ರಿ ರಸ್ತೆ ಕಡೆ."

"ರಾತ್ರಿ ಯಾರೇ ಲಂಗೋಟಿ ನೋಡ್ತಾರೆ?"

ನಾನು ನೋಡುತ್ತೇನೆ. ಈ ಕಣಿವೆಯ ಗಾಳಿ ಯಾವ ಹೊತ್ತಿಗೆ ಮಗ್ಗುಲು ಬದಲಿಸುತ್ತದೆಂದು ನನ್ನಷ್ಟು ತಿಳಿದವರು ಈ ರಸ್ತೆಯಲ್ಲಿ ಯಾರೂ ಇಲ್ಲ. ಪೈಪು ಉದ್ದವಾದರೂ ಪರವಾಗಿಲ್ಲ, ಮುಂದಿನ ಇಳಿಜಾರಿನಲ್ಲಿ, ಹಳೇ ಅಕ್ರೋಟು ಮರದ ಆಚೆ ಇಡುವುದೆಂದು ನಿಶ್ಚಯವಾಯಿತು. ಹಗಲಿನಲ್ಲಿ ಬೆಂಕಿ ಸಣ್ಣಗೆ, ರಾತ್ರಿ ಜೋರು. ರಾತ್ರಿಯ ಹೊಗೆ ರಸ್ತೆಯತ್ತಲೇ ಹೋಗುತ್ತದೆ. ಸುತ್ತ ಹುಲ್ಲು ಕೆತ್ತಿಸಿ ಜಲ್ಲಿ ಹಾಸಬೇಕು, ಚಿಮಣಿಗೆ ಕಿಡಿ ಹಾರದ ಹಾಗೆ ಜಾಲರಿ ಬೇಕು. ಕಾಡ್ಗಿಚ್ಚಿನ ಊರು ಇದು.

ಹಾಲ್ವರ್ಸನ್‌ಗೆ ಫೋನು ಮಾಡಿ ಚಿಕ್ಕದು ಎಂದು ಹೇಳಿಬಿಟ್ಟೆ. ನಾನೇ ಮಾಡಿದೆ.

ಅಕ್ಟೋಬರ್ 21

ಬರೆಯಲು ಪುರುಸೊತ್ತಿಲ್ಲ. ಶನಿವಾರ, ಭಾನುವಾರ ಪೈಪಿಗೆ ಕಾಲುವೆ ತೋಡಿದ್ದು. ಶ್ರೀಕಂಠನ ಅಂಗೈಯಲ್ಲಿ ಬೊಬ್ಬೆ. ಅತ್ತೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತ, "ಇಂಜಿನಿಯರ್ ಕೈ ನೋಡು, ಹೂವಿನ ಹಾರ ಎತ್ತೋಕೂ ಲಾಯಕ್ಕಿಲ್ಲ" ಎಂದರು.

ಪಕ್ಕದ ಅಕ್ರೋಟು ತೋಟ ಕಡಿದು ಮನೆಗಳನ್ನು ಕಟ್ಟುತ್ತಿದ್ದಾರೆ. ಹೋದ ವರ್ಷ ಉರುಳಿಸಿದ ಮರಗಳು ಒಣಗಿ ಬಿದ್ದಿದ್ದವು. ಸೌದೆಗೆ ಕೊಡುತ್ತೀರಾ ಎಂದು ಶ್ರೀಕಂಠ ಕೇಳಿದ್ದಕ್ಕೆ, ಹೊತ್ತುಕೊಂಡು ಹೋದರೆ ಉಪಕಾರ ಎಂದರಂತೆ.

ಅಕ್ಟೋಬರ್ 24, ಎವರ್‌ಗ್ರೀನ್

ಕೊನೆಗೂ ಬಂದೇಬಿಟ್ಟೆ. ಮೊನ್ನೆ ರಾತ್ರಿ ಚಳಿ ಇದ್ದಕ್ಕಿದ್ದಂತೆ ಇಳಿಯಿತು. ಹೀಟರಿನ ಫ್ಯೂಸು ಹೋಯಿತು. ಬೆಳಗಾಗುವ ಹೊತ್ತಿಗೆ ಇಂದುವಿನ ಮೂಗು ಕಟ್ಟಿ ಎದೆಯಲ್ಲಿ ಗೊರಗೊರ. ಬಾಯ್ಲರು ಬರುವುದು ಇನ್ನೂ ಮೂರು ನಾಲ್ಕು ದಿನ ತಡವಂತೆ. ನಾನು ಸೂಟ್‌ಕೇಸು ಎತ್ತಿಕೊಂಡೆ. ಸೌದಾಮಿನಿಯೇ ಬಂದು ಕಾರಿನಲ್ಲಿ ಕರೆತಂದಳು. ಡಾಕ್ಟರು ನೋಡಿ, ಬರೀ ನೆಗಡಿ, ಬೆಚ್ಚಗಿಡಿ ಎಂದರು.

ಸೌದಾಮಿನಿ ಉಡುಪಿಯವಳು, ಗಂಡ ಜಯರಾಜ್. ಇಬ್ಬರು ಮಕ್ಕಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ಇವಳ ಮನೆಯಲ್ಲಿ ಗೋಡೆಯ ಮೇಲೆ ಒಂದು ಗುಂಡಿ ತಿರುಗಿಸಿದರೆ ಸಾಕು, ಚಾವಣಿಯಿಂದ ಬೆಚ್ಚನೆ ಗಾಳಿ.

"ಎಂತ ಮಾರಾಯ್ತಿ, ಬಾಯ್ಲರ್ ಅಂತೆ! ಅಕ್ಕಿ ಮಿಲ್ಲು ಇಡ್ತೀಯಾ? ನಮ್ಮ ಊರಲ್ಲಿ ಕುಚ್ಚಲಕ್ಕಿ ಬೇಯಿಸ್ಲಿಕ್ಕೆ ಇರ್ತದೆ ಬಾಯ್ಲರ್. ಬೆಳಿಗ್ಗೆ ಕೂಗ್ತದೆ ಕೂ ಅಂತ, ಇಡೀ ಊರು ಏಳ್ತದೆ."

"ಇದು ಕೂಗಲ್ವೇ."

"ಮತ್ತೆ ಎಂತಕ್ಕೆ ಅದು? ಚಂದಕ್ಕಾ? ಚಳಿ ಮುಗಿಯುವವರೆಗೆ ಇಲ್ಲೇ ಇರು. ಅವನು ಶನಿವಾರ ಬರ್ಲಿ, ಹೊಸ ಅಳಿಯನ ಹಾಗೆ."

ಹಾಸಿಗೆ ಮೆತ್ತಗಿದೆ. ಕೋಣೆ ಬೆಚ್ಚಗಿದೆ. ಇಂದುವಿನ ಉಸಿರು ಹಗುರಾಗಿದೆ. ನಾನು ಮಾತ್ರ ಎದ್ದೇ ಇದ್ದೇನೆ. ಕಾಲುವೆಯ ಇಳಿಜಾರು ಮನೆಯ ಕಡೆಗೆ ಇಟ್ಟರೋ, ಬಾಯ್ಲರಿನ ಕಡೆಗೆ ಇಟ್ಟರೋ? ಪೈಪಿನ ಸುತ್ತ ಹೊದಿಕೆ ಸುತ್ತುವಾಗ ಶ್ರೀಕಂಠ ಆತುರ ಮಾಡುತ್ತಾನೆ. ಅವನಿಗೆ ತಾಳ್ಮೆ ಇಲ್ಲ.

ಅಕ್ಟೋಬರ್ 26, ಎವರ್‌ಗ್ರೀನ್

ಇವತ್ತು ಶ್ರೀಕಂಠನಿಗೆ ಮೂರು ಸಲ ಫೋನು. ಮೂರನೆಯ ಸಲಕ್ಕೆ ಅವನು, "ಮಗು ಹೇಗಿದೆ ಅಂತ ನಾನು ಕೇಳಬೇಕು, ಪೈಪು ಹೇಗಿದೆ ಅಂತ ನೀನು ಕೇಳ್ತೀಯಲ್ಲೇ!" ಎಂದ. ಮಗು ಚೆನ್ನಾಗಿದೆ. ಸೌದಾಮಿನಿಯ ಮಗನ ಕೂದಲು ಹಿಡಿದು ಜಗ್ಗುತ್ತಿದೆ.

ಹಾಲ್ವರ್ಸನ್ ನಾಳೆ ಲಾರಿಯಲ್ಲಿ ತರುತ್ತಾರಂತೆ. ನಾನಿಲ್ಲದೆ ಅದನ್ನು ಇಳಿಸಿ ಎಲ್ಲೋ ಇಟ್ಟುಬಿಟ್ಟರೆ? ಅಕ್ರೋಟು ಮರದ ಆಚೆ ಅಂದರೆ ಇವರು ಈಚೆ ಇಡುತ್ತಾರೆ. ಬೆಳಿಗ್ಗೆಯೇ ಹೊರಡುತ್ತೇನೆ ಎಂದೆ. ಸೌದಾಮಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಚಳಿ ಅಂತ ಓಡಿ ಬಂದವಳು ನೀನೇ ಅಲ್ವಾ?"

"ಹೌದು, ಆದರೆ ಗಾಳಿ..."

"ಹೋಗು ಮಾರಾಯ್ತಿ, ಹೋಗು. ನಿನ್ನ ಅಕ್ಕಿ ಮಿಲ್ಲು ಕೂಗ್ತಾ ಉಂಟು."

ಅಕ್ಟೋಬರ್ 27

ಬಂತು! ಕ್ರೇನಿನ ಕೊಕ್ಕೆಗೆ ತೂಗಿಕೊಂಡು, ಹಸಿರು ಬೊಂಬೆ ಮನೆ ಆಕಾಶದಲ್ಲಿ ಒಂದು ಸುತ್ತು ಹಾಕಿ ಇಳಿಯಿತು. ನಾನು ಇಂದುವನ್ನು ಶಾಲಿನಲ್ಲಿ ಸುತ್ತಿಕೊಂಡು, "ಇನ್ನೂ ಆಚೆ, ಇನ್ನೂ ಆಚೆ" ಎಂದು ಕೂಗುತ್ತಿದ್ದೆ. ಕ್ರೇನಿನವನು ಶ್ರೀಕಂಠನನ್ನು ನೋಡಿದರೆ ಶ್ರೀಕಂಠ ನನ್ನ ಕಡೆ ಬೆರಳು ತೋರಿಸಿದ.

ಅತ್ತೆ ಮುಂದೆ ನಿಂತು ದೃಷ್ಟಿ ತೆಗೆದು ನಿಂಬೆಹಣ್ಣು ಎಸೆದರು. ಅದು ಉರುಳಿ ಉರುಳಿ ಹಾಲ್ವರ್ಸನ್‌ರ ಬೂಟಿನ ಹತ್ತಿರ ನಿಂತಿತು. ಪಾಪ, ಅವರು ಅದನ್ನು ಎತ್ತಿ, ಅಂಗಿಗೆ ಒರೆಸಿ, ಬಹಳ ವಿನಯದಿಂದ ಅತ್ತೆಯ ಕೈಗೆ ವಾಪಸು ಕೊಟ್ಟರು. ಅತ್ತೆ ಹಾವು ಕಂಡಂತೆ ಹಾರಿದರು. "ಅಯ್ಯೋ ಬೇಡ ಅನ್ನೇ! ದೃಷ್ಟಿ ಎಲ್ಲ ಆ ಮನುಷ್ಯನಿಗೆ ಹತ್ತಿತಲ್ಲೇ!" ಆಮೇಲೆ ಇನ್ನೊಂದು ನಿಂಬೆಹಣ್ಣು ತಂದು ಅವರಿಗೂ ನಿವಾಳಿಸಬೇಕಾಯಿತು. ಅಮೆರಿಕದಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದ್ದಾರಂತೆ, ಇಂಥ ಉಪಚಾರ ಎಲ್ಲೂ ಆಗಿಲ್ಲವಂತೆ.

ಸೂಟ್‌ಕೇಸು ಬಿಚ್ಚಿ ಬಟ್ಟೆ ಒಗೆಯಲು ಹಾಕಿದೆ. ಹಾಲ್ವರ್ಸನ್ ಕೊಟ್ಟ ಕೀಲು, ತಿರುಪು, ಉಳಿದ ಪೈಪಿನ ತುಂಡುಗಳನ್ನು ಇಡಲು ಬೇರೆ ಜಾಗ ಇರಲಿಲ್ಲ, ಅದರಲ್ಲೇ ತುಂಬಿ ಗರಾಜಿನಲ್ಲಿಟ್ಟೆ.

ನವೆಂಬರ್ 2

ಮೊದಲ ಬೆಂಕಿ. ಮೊದಲ ಕಡ್ಡಿ ಯಾರು ಗೀರುವುದೆಂದು ಚರ್ಚೆಯಾಗಿ, ಅತ್ತೆಯೇ ಗೀರಿದರು. ಚಿಮಣಿಯಿಂದ ಹೊಗೆ ಎದ್ದದ್ದೇ ನನ್ನ ಜೀವ ಬಾಯಿಗೆ ಬಂತು. ಎತ್ತ ಹೋಗುತ್ತದೆ? ಸೂರ್ಯ ಮುಳುಗುತ್ತಿದ್ದ. ಹೊಗೆ ನೆಟ್ಟಗೆ ನಿಂತು, ಸ್ವಲ್ಪ ತಡವರಿಸಿ, ಕೊನೆಗೆ ರಸ್ತೆಯ ಕಡೆ ವಾಲಿತು. ನಾನು ಹೇಳಿದ ಕಡೆಗೇ! ಶ್ರೀಕಂಠ ಚಪ್ಪಾಳೆ ತಟ್ಟಿದ.

ಒಳಗೆ ಓಡಿ ಇಂದುವಿನ ಕೋಣೆಯ ಗೋಡೆಬುಡದ ಕೊಳವೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ತಣ್ಣಗಿತ್ತು. ತಣ್ಣಗೇ ಇತ್ತು. ಆಮೇಲೆ ಬೆರಳ ತುದಿಗೆ ಏನೋ ತಾಗಿದ ಹಾಗೆ. ಆಮೇಲೆ ಬೆಚ್ಚಗೆ. ಎಲ್ಲೋ ಇಳಿಜಾರಿನಲ್ಲಿ ಉರಿಯುವ ಅಕ್ರೋಟು ಮರ ನನ್ನ ಅಂಗೈಗೆ ಬಂದಿತ್ತು. ಟಕ್ ಇಲ್ಲ, ವಾಸನೆ ಇಲ್ಲ, ಹೊಗೆ ಇಲ್ಲ. ಮೂಗು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಬೇಬಿ ಪೌಡರಿನ ವಾಸನೆ ಮಾತ್ರ.

ಇಂದು ನನ್ನನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ನಾನು ಅತ್ತುಬಿಟ್ಟೆ. ಸುಮ್ಮನೆ.

ನವೆಂಬರ್ 3

ಬೆಚ್ಚಗಿದೆ. ಬರೆಯಲು ಬೇರೇನೂ ಇಲ್ಲ.

ನವೆಂಬರ್ 6

ನಂಜಮ್ಮತ್ತೆಯ ದಿನ ಇವತ್ತು. ನನ್ನನ್ನು ಬಚ್ಚಲಿನಲ್ಲಿ ಕೂರಿಸಿ ಬಿಸಿನೀರು ಹುಯ್ದರು, ಹುಯ್ದರು, ಹುಯ್ದೇ ಹುಯ್ದರು. "ಸಾಕತ್ತೆ" ಅಂದರೆ, "ಸುಮ್ನಿರೇ, ಇಷ್ಟು ದಿನದ ಬಾಕಿ ಇದೆ" ಎಂದು ಬೆನ್ನಿಗೆ ಇನ್ನೊಂದು ಚೊಂಬು. ನಲ್ಲಿಯಲ್ಲಿ ಬಿಸಿ ಕಮ್ಮಿಯಾಗಲೇ ಇಲ್ಲ. ಆಮೇಲೆ ಕಂಬಳಿ ಹೊದಿಸಿ ಮಲಗಿಸಿದರು. ಎದ್ದಾಗ ಮಧ್ಯಾಹ್ನ ಕಳೆದು ಸಂಜೆ. ಮಗುವಿಗೆ ಹಾಲು ಕುಡಿಸಿದ್ದು ಯಾವಾಗ? ನಿದ್ದೆಗಣ್ಣಲ್ಲೇ ಎರಡು ಸಲ ಕುಡಿಸಿದೆಯಂತೆ. ನನಗೆ ನೆನಪೇ ಇಲ್ಲ. ಮರೆವು ಶುರುವಾಗಿದೆಯೋ ಏನೋ.

ಅತ್ತೆ ಮೈಸೂರಿಗೆ ಫೋನು ಮಾಡಿ ಕೂಗಿ ಹೇಳುತ್ತಿದ್ದರು: "ಒಲೆ ರಸ್ತೆ ಹತ್ರ, ನೀರು ಮನೆ ಒಳಗೆ! ಹೌದು! ಮೈಥಿಲೀನೇ ಲೆಕ್ಕ ಹಾಕಿದ್ದು! ಇಲ್ಲ, ತಾಮ್ರದ್ದಲ್ಲ, ಅದೊಂದೇ ಕೊರತೆ!"

ನವೆಂಬರ್ 9

ಶ್ರೀಕಂಠನ ಸೌದೆ ಒಡೆಯುವ ಚಂದ ಬರೆದಿಡಬೇಕು. ಕೊಡಲಿ ಎತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ. ಇಳಿಸುವಾಗ "ಹ್ಞಾ" ಎಂದು ಕೂಗುತ್ತಾನೆ. ಸೌದೆ ಅಲ್ಲಾಡುವುದಿಲ್ಲ. ಆಮೇಲೆ ಅದರ ಜೊತೆ ಮಾತಾಡುತ್ತಾನೆ. ಇವತ್ತು ಒಂದು ತುಂಡು ಕೊನೆಗೂ ಸೀಳಿದಾಗ ನಮ್ಮ ಕಡೆ ತಿರುಗಿ ಬಗ್ಗಿ ನಮಸ್ಕಾರ ಮಾಡಿದ. ಎಷ್ಟು ಇಷ್ಟವಾಯಿತೆಂದರೆ, ಬೇಡ, ಬರೆಯುವುದಿಲ್ಲ.

ಈ ವಾರ ಅವನಿಗೆ ರಾತ್ರಿಪಾಳಿ. ಬೆಳಗಿನ ಜಾವ ಬಾಯ್ಲರಿಗೆ ಸೌದೆ ತುಂಬುವ ಕೆಲಸ ನನ್ನದು. ನಿನ್ನೆ ಅಲಾರಂ ಇಟ್ಟಿದ್ದೆ. ಮನೆಯವರಿಗೆಲ್ಲ ಕೇಳಿಸಿತಂತೆ, ನನ್ನನ್ನು ಬಿಟ್ಟು. ಅತ್ತೆ ಬಂದು ಆರಿಸಿ, ಮಲಗಲಿ ಎಂದು ಹೋದರಂತೆ. ಮೊನ್ನೆಯೂ ಇದೇ ಕತೆ. ಏನಾಗಿದೆ ನನಗೆ? ರಕ್ತ ಕಮ್ಮಿಯಾಗಿದೆಯೇ? ಸೋಮವಾರ ಡಾಕ್ಟರಿಗೆ ಹೇಳಬೇಕು, ಏನೋ ಕಾಯಿಲೆ ಇದ್ದರೂ ಇರಬಹುದು.

ನವೆಂಬರ್ 10, ಸಂಜೆ

ರೀ,

ಡೈರಿಯ ಹಾಳೆ ಹರಿದು ನಿಮ್ಮ ಊಟದ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಬೇರೆ ಕಾಗದ ಸಿಗಲಿಲ್ಲ. ನೀವು ಕೆಲಸಕ್ಕೆ ಹೊರಡುವ ಮುನ್ನ ಮಲಗಿದ್ದೀರಿ, ಎಬ್ಬಿಸಲು ಮನಸ್ಸಿಲ್ಲ. ಎದ್ದ ಮೇಲೆ ಈ ಗದ್ದಲದಲ್ಲಿ ಹೇಳಲು ಆಗುವುದಿಲ್ಲ. ಹಾಳೆಯ ಹಿಂಬದಿ ಓದಬೇಡಿ. ಸೌದೆಯ ವಿಷಯ ಅಷ್ಟೇ, ಓದುವಂಥದ್ದೇನಿಲ್ಲ.

ನಾಳೆ ನರಕ ಚತುರ್ದಶಿ. ಅತ್ತೆ ಇವತ್ತು ನೀರು ತುಂಬುವ ಹಬ್ಬ ಮಾಡಿಯೇ ತೀರುವುದೆಂದು ಹಟ ಹಿಡಿದು, ನಿಮ್ಮ ಬಾಯ್ಲರಿಗೆ ಅಕ್ಕಿಹಿಟ್ಟಿನ ಪಟ್ಟೆ ಬಳಿದು, ಕುಂಕುಮ ಇಟ್ಟು, ಬೇಲಿಯ ಬಳ್ಳಿ ಕಿತ್ತು ಹಾರ ಹಾಕಿದ್ದಾರೆ. ನೀರು ಸುತ್ತಿಸುವ ಪಂಪು ಸದ್ದು ಮಾಡುತ್ತದೆಂದು ನೋಡಲು ಬಂದ ಹಾಲ್ವರ್ಸನ್ ಸುತ್ತಲೂ ನಡೆದು ನೋಡಿ, ಗ್ಯಾರಂಟಿಯಲ್ಲಿ ಇದರ ಬಗ್ಗೆ ಏನೂ ಬರೆದಿಲ್ಲ, ಹಾಗಾಗಿ ಅಡ್ಡಿಯಿಲ್ಲ ಎಂದರು. ಸೌದಾಮಿನಿ, ಜಯರಾಜ್, ಮಕ್ಕಳು ಬಂದಾಗಿದೆ. "ಅಕ್ಕಿ ಮಿಲ್ಲಿಗೆ ಮದುವೆಯಾ?" ಎಂದಳು. ಎಲ್ಲರೂ ಇಲ್ಲೇ ಮಲಗುತ್ತಾರೆ. ಬೆಳಗಾಗುವ ಮುಂಚೆ ಎಲ್ಲರಿಗೂ ಎಣ್ಣೆ ಸ್ನಾನ ಆಗಬೇಕು, ಅತ್ತೆ ಎಣ್ಣೆಗೆ ಓಮ ಹಾಕಿ ಕಾಯಿಸಿಟ್ಟಿದ್ದಾರೆ.

ಇಷ್ಟು ಜನಕ್ಕೆ ನೀರು ಬಿಸಿ ಇರಬೇಕೆಂದರೆ ಬೆಳಗಿನ ಜಾವ ಬಾಯ್ಲರಿಗೆ ಸೌದೆ ಬೀಳಲೇಬೇಕು. ಬೀಳದಿದ್ದರೆ ಕೊನೆಗೆ ಸ್ನಾನ ಮಾಡುವವರ ಗತಿ ಏನು? ಇಂದುವಿಗೆ ಮೊದಲ ಹಬ್ಬದ ಸ್ನಾನ ಬೇರೆ. ಜಯರಾಜ್‌ಗೆ ಬಾಯ್ಲರಿನ ಬಾಗಿಲು ತೆಗೆಯಲೂ ಬರುವುದಿಲ್ಲ. ಅತ್ತೆಯನ್ನು ಆ ಕತ್ತಲೆಯಲ್ಲಿ ಇಳಿಜಾರಿಗೆ ಕಳಿಸುವುದು ಬೇಡ. ಅಲಾರಂ ಇಟ್ಟರೆ ನಾನು ಏಳುವುದಿಲ್ಲ, ಅದು ನಿಮಗೂ ಗೊತ್ತು. ಈಗಲೇ ನೋಡಿ, ಇನ್ನೂ ದೀಪ ಹಚ್ಚುವ ಹೊತ್ತು, ಇಂದು ನನ್ನ ತೋಳಿನ ಮೇಲೆ ಮಲಗಿದೆ, ನನಗೂ ಕಣ್ಣು ಎಳೆಯುತ್ತಿದೆ. ಅಕ್ಷರ ವಾಲುತ್ತಿದ್ದರೆ ಅದಕ್ಕೇ.

ಫೋನು ನಡುಮನೆಯಲ್ಲಿದೆ. ಅದಕ್ಕಾದರೆ ಎದ್ದು ನಡೆದು ಹೋಗಲೇಬೇಕು. ಕೆಲಸ ಎಷ್ಟೇ ಇರಲಿ, ದಮ್ಮಯ್ಯ, ಬೆಳಗಾಗುವ ಮುಂಚೆ ಒಂದು ಫೋನು ಮಾಡಿ. ಒಂದೆರಡು ಸಲ ಬಾರಿಸಿ ಇಟ್ಟುಬಿಡಬೇಡಿ. ಅತ್ತೆ ಎತ್ತಿದರೆ, ನಾನು ಮಲಗಿದ್ದೇನೆ ಎಂದು ಹೇಳಿ ಇಟ್ಟುಬಿಡುತ್ತಾರೆ, ಕೇಳಬೇಡಿ, ಮತ್ತೆ ಮಾಡಿ. ನಾನೇ ಎತ್ತಿ, ನನ್ನ ಬಾಯಿಂದ ನೀವು ಬೈಗುಳ ಕೇಳುವವರೆಗೂ ಬಿಡಬೇಡಿ. ಮಾಡ್ತೀರಲ್ಲ? ಮಾಡಿ.